ಹಳದಿ ಶೆಡ್ಡಿನವರ ಊಟ

ಸೌಟಕ್ಕನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಕಾರ್ಖಾನೆಯಲ್ಲಿ ಅದನ್ನು ಬಲ್ಲವನು ಹಾಜರಿ ಗುಮಾಸ್ತ ಒಬ್ಬನೇ, ಅವನೂ ಅದನ್ನು ತಪ್ಪಾಗಿಯೇ ಬರೆಯುತ್ತಿದ್ದ. ಕ್ಯಾಂಟೀನಿನ ಕಲ್ಲಿನ ಕಟ್ಟೆಯ ಹಿಂದೆ ಅವಳು ಸೌಟು ಹಿಡಿದು ನಿಂತಳೆಂದರೆ ಫಿಟ್ಟರ್ ಆಗಲಿ ಫೋರ್‌ಮನ್ ಆಗಲಿ ತಟ್ಟೆ ಹಿಡಿದು ಸಾಲಿನಲ್ಲಿ ಬರಬೇಕು. ನಡುವೆ ನುಗ್ಗಿದವನ ಬೆರಳ ಗೆಣ್ಣಿಗೆ ಸೌಟಿನ ಹಿಂಬದಿ ಬೀಳುತ್ತಿತ್ತು. ಅನ್ನ ಮುದ್ದೆಯಾಗಿದೆ ಎಂದು ಗೊಣಗಿದವನಿಗೆ, ನಿನ್ನ ಮಾವನ ಮನೆಯಲ್ಲಿ ಮಲ್ಲಿಗೆ ಹೂವಿನಂಥದ್ದು ಬಡಿಸುತ್ತಾರೆ, ಅಲ್ಲಿಗೇ ಹೋಗಿ ಉಣ್ಣು ಎನ್ನುತ್ತಿದ್ದಳು. ಬಾಯಿ ಜೋರು, ಕೈ ಧಾರಾಳ.

ಸಾಕು ಎನ್ನುವವರೆಗೂ ಬಡಿಸುವುದು ಆ ಕ್ಯಾಂಟೀನಿನ ಕಟ್ಟಳೆ. ಕಂಪನಿ ಧರ್ಮಕ್ಕೆ ಕೊಟ್ಟದ್ದಲ್ಲ. ಹಿಂದೆ ಕಾರ್ಮಿಕರು ಗೇಟಿಗೆ ಅಡ್ಡ ಕೂತು, ಲಾಠಿಯೇಟು ತಿಂದು ಗಿಟ್ಟಿಸಿಕೊಂಡದ್ದು. ಆ ಧರಣಿಯಲ್ಲಿ ಸೌಟಕ್ಕನೂ ಕೂತಿದ್ದಳು. ಅವಳ ಎಡ ಮೊಣಕೈ ಇವತ್ತಿಗೂ ಪೂರ್ತಿ ಮಡಚುವುದಿಲ್ಲ.

ಗಂಡ ಅನ್ನಿಸಿಕೊಂಡವನು ಒಂದು ಬೆಳಿಗ್ಗೆ ಸೋಪು ತರುತ್ತೇನೆಂದು ಹೋದವನು ಬರಲೇ ಇಲ್ಲ. ಸೋಪು ನಾನೇ ತಂದುಕೊಂಡೆ, ಕೊಳೆಯೂ ಹೋಯಿತು ಅವನೂ ಹೋದ ಎಂದು ಅವಳು ನಗುತ್ತಿದ್ದಳು. ಉಳಿದವನು ತಮ್ಮ. ತಾಯಿ ಸತ್ತಾಗ ಇನ್ನೂ ತೆವಳುತ್ತಿದ್ದ ಕೂಸನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ಇವಳೇ. ಕೆನ್ನೆ, ತೋಳು, ತೊಡೆ ಎಲ್ಲ ಉಬ್ಬಿಕೊಂಡಿದ್ದರಿಂದ ಗುಂಡ ಎಂದು ಕರೆದಳು. ಬೀದಿಯೂ ಹಾಗೇ ಕರೆಯಿತು. ದೊಡ್ಡವನಾಗಿ ಅಲ್ಲಿ ಇಲ್ಲಿ ಮೂಟೆ ಹೊತ್ತುಕೊಂಡಿದ್ದವನನ್ನು ಕಾರ್ಖಾನೆಗೆ ಸೇರಿಸಿದವಳೂ ಇವಳೇ. ಮ್ಯಾನೇಜರನ ಮುಂದೆ ಯಾವತ್ತೂ ತಲೆ ತಗ್ಗಿಸದವಳು ತಮ್ಮನಿಗಾಗಿ ತಗ್ಗಿಸಿದಳು. ಮ್ಯಾನೇಜರ ನಗುನಗುತ್ತಲೇ ಹಳದಿ ಶೆಡ್ಡಿಗೆ ಹಾಕಿಕೊಂಡ. ಅಲ್ಲಿ ಜಾಗ ಯಾವಾಗಲೂ ಖಾಲಿ ಇರುತ್ತಿತ್ತು. ಯಾಕೆ ಖಾಲಿ ಇರುತ್ತದೆ ಎಂದು ಕೇಳುವ ಬುದ್ಧಿ ಆ ಹೊತ್ತಿಗೆ ಅವಳಿಗೆ ಬರಲಿಲ್ಲ.

ಶೆಡ್ಡು ಕಾರ್ಖಾನೆಯ ಹಿಂದಿನ ಗೋಡೆಗೆ ಆತುಕೊಂಡಿತ್ತು. ತಗಡಿನ ಸೂರು, ಮೇಲೆ ಕಿಂಡಿಯಷ್ಟು ಕಿಟಕಿ. ತೊಟ್ಟಿಗಳಿಂದ ಒದ್ದೆಯಾಗಿ ಬಂದ ಹಳದಿ ಪುಡಿಯನ್ನು ಹರಡಿ ಆರಿಸಿ, ಜರಡಿ ಹಿಡಿದು, ಡ್ರಮ್ಮಿಗೆ ತುಂಬುವುದು ಕೆಲಸ. ಬಟ್ಟೆಯ ಬಣ್ಣಕ್ಕೆ, ಮರಕ್ಕೆ ಹುಳು ಹತ್ತದಂತೆ ಬಳಿಯುವ ಎಣ್ಣೆಗೆ ಅದು ಬೇಕು. ಡ್ರಮ್ಮಿನ ಮೇಲೆ ಅದರ ಹೆಸರು ಉದ್ದಕ್ಕೆ ಬರೆದಿತ್ತು. ಓದುವ ಗೋಜಿಗೆ ಯಾರೂ ಹೋಗುತ್ತಿರಲಿಲ್ಲ, ಹಳದಿ ಎಂದರೆ ಮುಗಿಯಿತು. ಅಲ್ಲಿ ಕೆಲಸ ಮಾಡುವವರ ಅಂಗೈ, ಉಗುರು, ಕಿವಿಯ ಸಂದು ಎಲ್ಲ ಅದೇ ಬಣ್ಣ. ಮೇಜಿಗೆ ಹತ್ತುತ್ತದೆಂದು ಅವರನ್ನು ಉಳಿದವರ ಜೊತೆ ಕೂರಿಸುತ್ತಿರಲಿಲ್ಲ. ಎಲ್ಲರ ಊಟ ಮುಗಿದ ಮೇಲೆ ಕ್ಯಾಂಟೀನಿನ ಹಿಂಬಾಗಿಲ ಹತ್ತಿರ ನೆಲದ ಮೇಲೆ ಅವರ ಪಂಕ್ತಿ.

ಆ ಪಂಕ್ತಿಯನ್ನು ನೋಡಬೇಕಿತ್ತು. ಮಾತಿಲ್ಲ ಕತೆಯಿಲ್ಲ, ಹಳ್ಳಕ್ಕೆ ಮಣ್ಣು ತುಂಬಿದ ಹಾಗೆ ತುಂಬುತ್ತಿದ್ದರು. ಸೌಟಕ್ಕ ಅನ್ನದ ಹಂಡೆಯ ತಳ ಕೆರೆದು, ಅದೂ ಸಾಲದೆ ಬ್ರೆಡ್ಡು ಹರಿದು ಹಾಕಬೇಕಾಗುತ್ತಿತ್ತು. ಇದನ್ನು ಅವರು ತಮ್ಮ ಗಂಡಸುತನ ಎಂದುಕೊಂಡಿದ್ದರು. ಶೆಡ್ಡಿಗೆ ಹೊಸಬ ಬಂದರೆ ಅವನನ್ನು ಮೊದಮೊದಲು ಹೊರಗಿನವನಂತೆಯೇ ನೋಡುತ್ತಿದ್ದರು. ಯಾರೂ ಹೇಳದೆ ಅವನಾಗಿಯೇ ಮೂರನೇ ಸಲ ತಟ್ಟೆ ಚಾಚಿದ ದಿನ ಪಂಕ್ತಿಗೆ ಪಂಕ್ತಿಯೇ ತಟ್ಟೆ ಬಡಿದು, ಇವನು ನಮ್ಮವನಾದ ಎಂದು ಕೂಗುತ್ತಿತ್ತು. ಗುಂಡ ತಟ್ಟೆ ಚಾಚಿದ ದಿನ ಸೌಟಕ್ಕನೂ ಹಂಡೆಯ ಮೇಲೆ ಸೌಟು ಬಡಿದಳು. ಕಣ್ತುಂಬ ನೋಡಿಕೊಂಡು ಬಡಿಸಿದಳು.

ತಿಂದದ್ದು ಮೈಗೆ ಹತ್ತಲಿಲ್ಲ. ಗುಂಡನ ಪ್ಯಾಂಟು ಜಾರಲು ಶುರುವಾಯಿತು, ಬೆಲ್ಟಿಗೆ ಹೊಸ ತೂತು ಕೊರೆದ, ಆಮೇಲೆ ಹಗ್ಗವೇ ಕಟ್ಟಿದ. ಕೆನ್ನೆ ಒಳಕ್ಕೆ ಹೋಯಿತು. ಹೊಟ್ಟೆಯಲ್ಲಿ ಹುಳ ಇದೆ ಎಂದು ಸೌಟಕ್ಕ ಔಷಧಿ ಕುಡಿಸಿದಳು. ಮೊಟ್ಟೆ ಬೇಯಿಸಿಕೊಟ್ಟಳು, ಟೀಗೆ ಸಕ್ಕರೆ ಸುರಿದಳು. ಊರೆಲ್ಲ ಹೊದ್ದುಕೊಂಡು ಮಲಗುವ ಚಳಿಯಲ್ಲಿ ಇವನು ಬರಿಮೈಯಲ್ಲಿ ಸಿಮೆಂಟಿನ ನೆಲದ ಮೇಲೆ ಬಿದ್ದುಕೊಂಡಿರುತ್ತಿದ್ದ. ಎದ್ದ ಮೇಲೆ ನೆಲದಲ್ಲಿ ಅವನ ಬೆನ್ನಿನ ಆಕಾರಕ್ಕೆ ಒದ್ದೆ. ಎರಡು ಮೆಟ್ಟಿಲು ಹತ್ತಿದರೆ ಏದುಸಿರು. ಬೀದಿಯವರು ಗುಂಡ ಎಂದು ಕರೆದು ತಾವೇ ನಗುತ್ತಿದ್ದರು. ಸೌಟಕ್ಕ ಅವರಿಗೆ ಬೈಯುತ್ತಿದ್ದಳು, ಆಮೇಲೆ ಒಳಗೆ ಹೋಗಿ ಇನ್ನೊಂದು ಮೊಟ್ಟೆ ಬೇಯಿಸುತ್ತಿದ್ದಳು. ಸೊರಗಿದವನಿಗೆ ಹಾಕಬೇಕಾದ್ದು ಊಟ, ಅವಳಿಗೆ ಗೊತ್ತಿದ್ದದ್ದು ಅದೊಂದೇ.

ಬೇಸಿಗೆ ಕಾಲಿಟ್ಟ ವಾರವೇ ಉದ್ದಣ್ಣ ಸತ್ತ. ಶೆಡ್ಡಿನಲ್ಲಿ ಎಲ್ಲರಿಗಿಂತ ಹಳಬ, ಎಲ್ಲರಿಗಿಂತ ಎತ್ತರ. ಜರಡಿ ಹಿಡಿದವನು ಹಾಗೇ ಕುಸಿದು ಕೂತು, ಮೈಯೊಳಗೆ ಬೆಂಕಿ ಹಾಕಿದ ಹಾಗಿದೆ ಎಂದನಂತೆ. ಕಂಪನಿ ಡಾಕ್ಟರ ಜ್ವರದ ಮಾತ್ರೆ ಕೊಟ್ಟು, ಮನೆಗೆ ಹೋಗಿ ಚೆನ್ನಾಗಿ ಹೊದ್ದು ಮಲಗು, ಬೆವರಿದರೆ ಇಳಿಯುತ್ತದೆ ಎಂದ. ಹೆಂಡತಿ ಪಾಪದವಳು, ಮನೆಯಲ್ಲಿದ್ದ ಕಂಬಳಿಯನ್ನೆಲ್ಲ ಹೊದಿಸಿ, ಅವನು ಕಿತ್ತು ಬಿಸಾಡಿದರೆ ಮತ್ತೆ ಹೊದಿಸಿ, ಕೊನೆಗೆ ಅದುಮಿ ಹಿಡಿದು ಕೂತಳು. ಸಂಜೆಯೊಳಗೆ ಮುಗಿಯಿತು. ಹೆಣ ಎತ್ತಲು ಹೋದವರು ಕೈ ಹಿಂದಕ್ಕೆಳೆದುಕೊಂಡರು. ಸತ್ತವನ ಮೈ ಇನ್ನೂ ಸುಡುತ್ತಿತ್ತು, ಆಗಲೇ ಮರದ ದಿಮ್ಮಿಯಂತೆ ಸೆಟೆದಿತ್ತು. ಶ್ವಾಸಕೋಶದ ಕಾಯಿಲೆ ಎಂದ ಕಂಪನಿ ಡಾಕ್ಟರ.

ಜನ ಕೆಲಸ ನಿಲ್ಲಿಸಿ ಗೇಟಿನಲ್ಲಿ ಕೂತರು. ಕಾರ್ಮಿಕ ಇಲಾಖೆಯ ಅಧಿಕಾರಿ ವಿಚಾರಣೆಗೆ ಬರುವುದೆಂದಾದ ಮೇಲೆ ಎದ್ದು ಕೆಲಸಕ್ಕೆ ಹೋದರು. ಮ್ಯಾನೇಜರ ಕಚ್ಚಾ ಆಸಾಮಿಯಲ್ಲ. ಇಷ್ಟೊಂದು ಅಕ್ಕಿ, ಸಕ್ಕರೆ, ಎಣ್ಣೆ ಕೊಡುತ್ತಿದ್ದರೂ ಶೆಡ್ಡಿನವರು ಒಣಗುತ್ತಿದ್ದಾರೆಂದರೆ ರೇಷನ್ನು ಅವರ ಹೊಟ್ಟೆಗೆ ಹೋಗುತ್ತಿಲ್ಲ, ಯಾರದೋ ಸೆರಗಿನ ಮರೆಯಲ್ಲಿ ಹೊರಗೆ ಹೋಗುತ್ತಿದೆ ಎಂದು ಮಾತು ತೇಲಿಬಿಟ್ಟ. ಕ್ಯಾಂಟೀನಿನಲ್ಲಿ ಸೆರಗಿದ್ದವಳು ಒಬ್ಬಳೇ. ಎರಡು ದಿನದಲ್ಲಿ ಅವಳ ಕೈಯಿಂದ ಊಟ ಹಾಕಿಸಿಕೊಳ್ಳುವವರು ಮುಖ ನೋಡದೆ ತಟ್ಟೆ ಚಾಚತೊಡಗಿದರು.

ಸೌಟಕ್ಕನಿಗೆ ಆ ಸಿಟ್ಟಿಗೂ ಬಿಡುವಿರಲಿಲ್ಲ. ಉದ್ದಣ್ಣನ ಸುಡುವ ಮೈ ಮುಟ್ಟಿ ಬಂದವಳು ಮನೆಗೆ ಬಂದು ತಮ್ಮನ ಹಣೆ ಮುಟ್ಟಿದ್ದಳು. ಮಾರನೆಯ ದಿನವೇ ಅವನನ್ನು ರಟ್ಟೆ ಹಿಡಿದು ಸರಕಾರಿ ಆಸ್ಪತ್ರೆಗೆ ಎಳೆದುಕೊಂಡು ಹೋದಳು.

ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ನಿದ್ದೆಗೆಟ್ಟು ಕಣ್ಣು ಕೆಂಪಾಗಿತ್ತು. ಥರ್ಮಾಮೀಟರು ಇಟ್ಟಳು, ನಂಬದೆ ಇನ್ನೊಂದು ತರಿಸಿ ಇಟ್ಟಳು. ಎದೆ ಪರೀಕ್ಷಿಸಿದಳು, ಏನೂ ಇಲ್ಲ. ಬೆವರು ಒರೆಸಿ ಹಳದಿಯಾದ ಹತ್ತಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ಗುಂಡನನ್ನು ಬಿಟ್ಟು ಅಕ್ಕನನ್ನು ಕೇಳಿದಳು.

“ಇವರು ತೂಕ ಇಳಿಸೋ ಮಾತ್ರೆ ಏನಾದ್ರೂ ತಗೋತಿದಾರಾ?”

“ಇಳಿಸೋಕೆ ಇನ್ನೇನು ಉಳಿದಿದೆ ಅಂತ ತಗೊಳ್ಳಲಿ ತಾಯಿ?”

ಗುಂಡ ಡ್ರಮ್ಮಿನ ಮೇಲಿನ ಹೆಸರನ್ನು ಅಕ್ಷರ ಅಕ್ಷರವಾಗಿ ನೆನಪಿಸಿಕೊಂಡು ಹೇಳಿದ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟಳು. ಒಂದು ಕಾಲದಲ್ಲಿ ದಪ್ಪಗಿದ್ದವರಿಗೆ ಡಾಕ್ಟರುಗಳೇ ಇದನ್ನು ಬರೆದುಕೊಡುತ್ತಿದ್ದರಂತೆ. ಜನ ಕುರುಡಾಗಿ, ಸತ್ತು, ಆಮೇಲೆ ನಿಂತಿತಂತೆ. ಈಗಲೂ ಕದ್ದು ಮಾರುವವರಿದ್ದಾರಂತೆ. ಅಂದರೆ ಉಂಡದ್ದು ಹೆಚ್ಚಾದವರು ಕಾಸು ಕೊಟ್ಟು ನುಂಗುವುದನ್ನು ಶೆಡ್ಡಿನವರು ಕೂಲಿಗೆ ಉಸಿರಾಡುತ್ತಿದ್ದರು.

ತಿಂದದ್ದೆಲ್ಲ ಎಲ್ಲಿಗೆ ಹೋಗುತ್ತಿದೆ ಎಂದು ಸೌಟಕ್ಕ ಕೇಳಿದಳು. ಹೊರಗೆ ರೋಗಿಗಳ ಸಾಲು ಬೆಳೆಯುತ್ತಿದ್ದರೂ ಡಾಕ್ಟರಮ್ಮ ಕೂತು ಹೇಳಿದಳು. ಅನ್ನ, ಬ್ರೆಡ್ಡು, ಸಕ್ಕರೆ ಏನೇ ತಿಂದರೂ ಹೊಟ್ಟೆಯಲ್ಲಿ ಒಡೆದು ಗ್ಲೂಕೋಸ್ ಆಗುತ್ತದೆ, ರಕ್ತದಲ್ಲಿ ಹರಿದು ಮೈಯ ಒಂದೊಂದು ಜೀವಕೋಶಕ್ಕೂ ಹೋಗುತ್ತದೆ. ಕೋಶ ಅದನ್ನು ಮೊದಲು ಎರಡು ತುಂಡು ಮಾಡುತ್ತದೆ, ಅದರಿಂದ ಚೂರುಪಾರು ಶಕ್ತಿ ಸಿಗುತ್ತದೆ. ನಿಜವಾದ ಕೆಲಸ ಆಮೇಲೆ. ಕೋಶದೊಳಗೆ ಮೈಟೋಕಾಂಡ್ರಿಯ ಎನ್ನುವ ಕಣ್ಣಿಗೆ ಕಾಣದ ಚೀಲಗಳಿವೆ. ಅಲ್ಲಿ ಆ ತುಂಡುಗಳನ್ನು ಇನ್ನಷ್ಟು ಬಿಡಿಸಿ, ಉಸಿರಿನಿಂದ ಬಂದ ಆಮ್ಲಜನಕದ ಜೊತೆ ಸೇರಿಸಿ ಮೆಲ್ಲಗೆ ಉರಿಸಲಾಗುತ್ತದೆ. ಹೊಗೆಯ ಬದಲು ನಾವು ಹೊರಗೆ ಬಿಡುವ ಉಸಿರು, ಬೂದಿಯ ಬದಲು ಒಂದಿಷ್ಟು ನೀರು. ಈ ಉರಿಯಿಂದ ಬಂದ ಶಕ್ತಿ ನೇರವಾಗಿ ಕೈಕಾಲಿಗೆ ಸಿಗುವುದಿಲ್ಲ. ಚೀಲದೊಳಗಿನ ಪೊರೆಯ ಒಂದು ಪಕ್ಕಕ್ಕೆ ಸೂಕ್ಷ್ಮ ಕಣಗಳನ್ನು ಪಂಪು ಹೊಡೆದು ತುಂಬಿಸುತ್ತದೆ, ಅಣೆಕಟ್ಟಿನ ಹಿಂದೆ ನೀರು ತುಂಬಿಸಿದ ಹಾಗೆ. ತುಂಬಿದ್ದು ಒಂದೇ ತೂಬಿನಿಂದ ಇಳಿಯಬೇಕು. ಇಳಿಯುವಾಗ ಒಂದು ಚಕ್ರ ತಿರುಗುತ್ತದೆ. ಆ ಚಕ್ರ ಮಾಡಿಕೊಡುವ ಎಟಿಪಿ ಎಂಬ ಸಣ್ಣ ಸಣ್ಣ ಶಕ್ತಿಯ ಪೊಟ್ಟಣಗಳಿಂದಲೇ ಎದೆ ಬಡಿಯುವುದು, ಕೈ ಎತ್ತುವುದು, ಕಣ್ಣು ಮಿಟುಕಿಸುವುದು.

ಹಳದಿ ಪುಡಿ ಮಾಡುವುದು ಇಷ್ಟೇ: ಅಣೆಕಟ್ಟಿಗೆ ತೂತು ಕೊರೆಯುತ್ತದೆ. ತುಂಬಿದ್ದು ತೂಬಿಗೆ ಹೋಗದೆ ತೂತಿನಿಂದ ಸೋರಿಹೋಗುತ್ತದೆ, ಚಕ್ರ ತಿರುಗುವುದಿಲ್ಲ. ಪೊಟ್ಟಣ ಸಾಲದೆ ಕೋಶ ಗಾಬರಿಬಿದ್ದು ಇನ್ನಷ್ಟು ಗ್ಲೂಕೋಸ್ ಉರಿಸುತ್ತದೆ, ಇನ್ನಷ್ಟು ಉಸಿರು ಬೇಡುತ್ತದೆ. ಅದೂ ಸೋರುತ್ತದೆ. ಸೋರಿದ್ದೆಲ್ಲ ಬಿಸಿ.

ಸೌಟಕ್ಕ ತಮ್ಮನ ಹೆಗಲ ಮೂಳೆ ಸವರಿದಳು.

“ಒಲೆ ಉರೀತಿದೆ, ಮೇಲೆ ಪಾತ್ರೆ ಇಲ್ಲ. ಅಷ್ಟೇ ತಾನೆ?”

“ಅಷ್ಟೇ. ಸೌದೆ ಮುಗಿದ ಮೇಲೆ ಬಾಗಿಲು, ತೊಲೆ ಎಲ್ಲ ಕಿತ್ತು ಉರಿಸುತ್ತೆ. ಇವರಲ್ಲಿ ಈಗ ತೊಲೆ ಉರೀತಿದೆ.”

ಇದಕ್ಕೆ ಮದ್ದಿಲ್ಲ, ಆ ಪುಡಿಯಿಂದ ದೂರವಿದ್ದರೆ ಮೈ ತಾನೇ ಸರಿಹೋಗುತ್ತದೆ ಎಂದಳು. ಕಂಬಳಿ ಕೂಡದು. ಕಂಪನಿ ಡಾಕ್ಟರನ ಮಾತ್ರೆಯಂತೂ ಮುಟ್ಟಲೇಕೂಡದು, ಜ್ವರದ ಮಾತ್ರೆಗಳಲ್ಲಿ ಕೆಲವು ಈ ಉರಿಗೇ ಗಾಳಿ ಹಾಕುತ್ತವೆ. ಬಿಸಿಲು ಏರುವ ಮೊದಲು ಶೆಡ್ಡು ಬಿಡಿಸಿ, ಮುಂದಿನ ಸಲ ಇವರನ್ನು ನಡೆಸಿಕೊಂಡು ತರಲಾಗುವುದಿಲ್ಲ ಎಂದಳು. ರಕ್ತದಲ್ಲಿ ಆ ವಿಷ ಹುಡುಕುವ ಯಂತ್ರ ಈ ಆಸ್ಪತ್ರೆಯಲ್ಲಿಲ್ಲ, ತಾನು ಹೇಳಿದರೆ ಕಂಪನಿ ಒಪ್ಪುವುದಿಲ್ಲ ಎಂದೂ ಹೇಳಿದಳು. ಆದರೆ ಉಪವಾಸದಿಂದ ಸವೆದವನ ಮೈ ತಣ್ಣಗಿರುತ್ತದೆ. ಹೊಟ್ಟೆ ಬಿರಿಯ ತಿಂದೂ ಸವೆದು, ಮೈ ಸುಡುತ್ತಿದೆ ಎಂದರೆ ಕಾರಣ ಬೇರೆ. ಅವರು ತಿಂದದ್ದನ್ನು ಕಣ್ಣಾರೆ ಕಂಡವರು ಯಾರಾದರೂ ವಿಚಾರಣೆಯಲ್ಲಿ ಹೇಳಬೇಕು.

ಕಂಡವಳು ಯಾರೆಂದು ಇಬ್ಬರಿಗೂ ಗೊತ್ತಿತ್ತು. ಗುಂಡನಿಗೂ ಗೊತ್ತಿತ್ತು. ದಾರಿಯುದ್ದಕ್ಕೂ ಅವನು ಅಕ್ಕನಿಗಿಂತ ನಾಲ್ಕು ಹೆಜ್ಜೆ ಹಿಂದೆಯೇ ನಡೆದ.

ವಿಚಾರಣೆಯ ಹಿಂದಿನ ಸಂಜೆ ಶೆಡ್ಡಿನ ಮೇಸ್ತ್ರಿ ನಾಲ್ಕಾರು ಜನರನ್ನು ಕಟ್ಟಿಕೊಂಡು ಸೌಟಕ್ಕನ ಮನೆಗೆ ಬಂದ. ಒಂದೇ ಕೋಣೆಯ ಮನೆ. ಬಂದವರು ಕೂತ ಮೇಲೆ ಕೋಣೆಯೇ ಕಾದುಹೋಯಿತು. ಮೇಸ್ತ್ರಿ ಅದೂ ಇದೂ ಮಾತಾಡಿ, ಟೀ ಕುಡಿದು, ಲೋಟವನ್ನು ಬೇಕೆಂದೇ ನಿಧಾನವಾಗಿ ಕೆಳಗಿಟ್ಟ.

“ಸೌಟಕ್ಕ, ನಾನೇ ಕದ್ದೆ ಅಂತ ಒಪ್ಕೊಂಡುಬಿಡು.”

“ಏನ್ ಕದ್ದೆ ಅಂತ ಹೇಳಲಿ? ನೀವು ನೆಕ್ಕಿಟ್ಟ ಹಂಡೆನಾ?”

ಒಬ್ಬಿಬ್ಬರು ನಕ್ಕರು. ಮೇಸ್ತ್ರಿ ನಗಲಿಲ್ಲ. ಪೊಲೀಸರಿಗೆ ಕೊಡುವುದಿಲ್ಲವೆಂದು ಮ್ಯಾನೇಜರ ಮಾತು ಕೊಟ್ಟಿದ್ದಾನೆ, ಕ್ಯಾಂಟೀನಿನಿಂದ ತೆಗೆದು ಗುಡಿಸುವ ಕೆಲಸಕ್ಕೆ ಹಾಕುತ್ತಾನೆ, ಅಷ್ಟೇ ಎಂದ. ಹಳದಿಯ ವಿಷಯ ಎತ್ತಿದರೆ ಶೆಡ್ಡು ಮುಚ್ಚುತ್ತದೆ. ಸೌಟಕ್ಕ ಡಾಕ್ಟರಮ್ಮ ಹೇಳಿದ್ದನ್ನು ಒಲೆ, ಪಾತ್ರೆ, ತೊಲೆ ಎಂದು ತನಗೆ ತಿಳಿದ ಹಾಗೆ ಬಿಡಿಸಿ ಹೇಳಿದಳು. ಅವರು ಕೇಳಿಸಿಕೊಂಡರು. ಮಧ್ಯೆ ಮಧ್ಯೆ ತಮ್ಮ ತಮ್ಮ ತೋಳು ನೋಡಿಕೊಂಡರು. ನಂಬದೆ ಇರಲು ಅವರಿಗೆ ದಾರಿಯಿರಲಿಲ್ಲ. ನಂಬಿಯೂ ಕದಲಲಿಲ್ಲ.

“ಉದ್ದಣ್ಣನ್ನ ಎತ್ತಿದೋನು ನೀನೇ ಅಲ್ವಾ ಮೇಸ್ತ್ರಿ? ಕೈ ಸುಟ್ಟಿದ್ದು ಮರೆತುಹೋಯ್ತಾ?”

ಮೇಸ್ತ್ರಿ ಹಳದಿ ಅಂಗೈಯನ್ನು ಅವಳ ಮುಖದ ಹತ್ತಿರ ತಂದ. “ಮರೆತಿಲ್ಲ. ಶೆಡ್ಡು ಮುಚ್ಚಿದ್ರೆ ಈ ಕೈ ನೋಡಿ ಯಾರು ಕೆಲಸ ಕೊಡ್ತಾರೆ ಹೇಳು. ನೀನು ಕೊಡ್ತೀಯಾ?”

ಗೋಡೆಗೆ ಒರಗಿ, ಪಾತ್ರೆಯ ಮುಚ್ಚಳದಿಂದ ಗಾಳಿ ಬೀಸಿಕೊಳ್ಳುತ್ತಿದ್ದ ಗುಂಡ ಮುಚ್ಚಳ ಕೆಳಗಿಟ್ಟ.

“ಒಪ್ಕೋ ಅಕ್ಕ” ಎಂದ. “ಕೆಲಸ ಕೊಡಿಸಿದೋಳು ನೀನೇ. ನೀನೇ ಕಿತ್ಕೋಬೇಡ.”

ಸೌಟಕ್ಕ ಲೋಟಗಳನ್ನು ಎತ್ತಿಕೊಂಡು ತೊಳೆಯಲು ಹೋದಳು. ಬಂದವರು ಅದನ್ನೇ ಒಪ್ಪಿಗೆ ಎಂದುಕೊಂಡು ಎದ್ದರು.

ವಿಚಾರಣೆ ನಡೆದದ್ದು ಮ್ಯಾನೇಜರನ ಕೋಣೆಯಲ್ಲಿ. ಅಧಿಕಾರಿ ಬಿಸ್ಕತ್ತು ತಿನ್ನುತ್ತಿದ್ದ. ಮ್ಯಾನೇಜರ ಬಹಳ ಬೇಸರದಿಂದ, ಇಂಥವಳ ಮೇಲೆ ಆರೋಪ ಮಾಡಲು ತನಗೇ ಮನಸ್ಸಿಲ್ಲ ಎನ್ನುವವನಂತೆ ರೇಷನ್ನಿನ ಕತೆ ಹೇಳಿದ. ಶೆಡ್ಡಿನವರನ್ನು ಗೋಡೆಯುದ್ದಕ್ಕೂ ನಿಲ್ಲಿಸಿದ್ದರು. ಗುಂಡ ನೆಲ ನೋಡುತ್ತಿದ್ದ.

“ಏನಮ್ಮ, ರೇಷನ್ ಹೊರಗೆ ಹೋಗ್ತಿತ್ತಾ?” ಎಂದು ಕೇಳಿದ ಅಧಿಕಾರಿ.

“ಹೋಗ್ತಿತ್ತು ಸಾರ್. ಇವರ ಬೆವರಲ್ಲಿ ಹೋಗ್ತಿತ್ತು.”

ಮ್ಯಾನೇಜರ ಬಾಯಿ ಹಾಕಿದ. ಅವಳು ನಿಲ್ಲಿಸಲಿಲ್ಲ. ಯಾರು ಎಷ್ಟು ಸಲ ತಟ್ಟೆ ಚಾಚುತ್ತಾರೆ, ಸೇರುವಾಗ ಯಾರು ಹೇಗಿದ್ದರು, ಯಾವ ಪ್ಯಾಂಟಿಗೆ ಯಾರು ಹಗ್ಗ ಕಟ್ಟಿದ್ದಾರೆ ಎಂದು ಸಾಲಾಗಿ ಹೇಳುತ್ತ ಹೋದಳು. ಹಸಿದು ಸೊರಗಿದ್ದರೆ ಮೈ ತಣ್ಣಗಿರಬೇಕು, ಮುಟ್ಟಿ ನೋಡಿ ಎಂದಳು. ಅಧಿಕಾರಿಗೆ ಏಳದೆ ವಿಧಿಯಿರಲಿಲ್ಲ. ಎದ್ದು ಮೇಸ್ತ್ರಿಯ ಹಣೆಯ ಮೇಲೆ ಕೈಯಿಟ್ಟ, ತಟ್ಟನೆ ತೆಗೆದ. ಕೈ ಒರೆಸಿದ ಬಿಳಿ ಕರವಸ್ತ್ರವನ್ನು ಒಮ್ಮೆ ನೋಡಿ ಜೇಬಿಗೆ ಹಾಕಿಕೊಳ್ಳದೆ ಮೇಜಿನ ಮೇಲೆ ಬಿಟ್ಟ. ಮ್ಯಾನೇಜರ ಬಿಸ್ಕತ್ತಿನ ತಟ್ಟೆಯನ್ನು ಅದರಿಂದ ದೂರ ಸರಿಸಿದ.

ಶೆಡ್ಡಿಗೆ ಬೀಗ ಬಿತ್ತು. ಅವಳು ಗೆದ್ದಳು ಎನ್ನುವುದಾದರೆ ಅಲ್ಲಿಗೆ ಗೆದ್ದಳು.

ಅಧಿಕಾರಿ ಹೇಳಿದ್ದನ್ನೆಲ್ಲ ಕಂಪನಿ ಚಾಚೂ ತಪ್ಪದೆ ಮಾಡಿತು. ಗೋಡೆಗೆ ಸುಣ್ಣ ಬಳಿಯಿತು, ಕಿಂಡಿಯಲ್ಲಿ ಫ್ಯಾನು ಕೂರಿಸಿತು, ಹಳಬರನ್ನೆಲ್ಲ ಆರೋಗ್ಯದ ಕಾರಣ ಹೇಳಿ ಮನೆಗೆ ಕಳಿಸಿತು. ಆಮೇಲೆ ಬೀಗ ತೆಗೆದು ಶೆಡ್ಡನ್ನು ಗುತ್ತಿಗೆದಾರನ ಕೈಗೆ ಕೊಟ್ಟಿತು. ಊಟದ ಬಗ್ಗೆ ದೂರು ಬಂದಿದೆಯಲ್ಲ ಎಂದು ಕ್ಯಾಂಟೀನು ಮುಚ್ಚಿತು. ಮೊಣಕೈ ಮುರಿಸಿಕೊಂಡು ಗಿಟ್ಟಿಸಿದ ಕಟ್ಟಳೆ, ಯಾರೂ ಒಂದು ಕಲ್ಲು ಎಸೆಯದೆ ಹೋಯಿತು. ಸೌಟಕ್ಕನಿಂದ ನಮ್ಮ ಊಟವೂ ಹೋಯಿತು ಎಂದು ಉಳಿದ ವಿಭಾಗದವರು ಬೀದಿಯಲ್ಲಿ ಸಿಕ್ಕರೆ ಉಗುಳಿದರು. ಶೆಡ್ಡಿಗೆ ಹೊಸಬರು ಬಂದರು. ಒಬ್ಬೊಬ್ಬರೂ ಡಬ್ಬಿ ಕಟ್ಟಿಕೊಂಡು ಬಂದು, ಒಬ್ಬೊಬ್ಬರೂ ಒಂದೊಂದು ಮೂಲೆಯಲ್ಲಿ ತಿನ್ನುತ್ತಾರೆ. ಯಾವನು ಎರಡು ಡಬ್ಬಿ ತಂದ, ಯಾವನು ಅದೂ ಸಾಲದೆ ಬೀದಿಯ ಅಂಗಡಿಗೆ ಓಡಿದ, ನೋಡುವ ಕಣ್ಣಿಲ್ಲ. ಕಂಪನಿ ಅವತ್ತಿನ ವಿಚಾರಣೆಯಿಂದ ಕಲಿತದ್ದು ಇದನ್ನೇ.

ಗುಂಡ ಮನೆಯಲ್ಲಿ ಕೂತ. ಮೈ ತಣ್ಣಗಾಯಿತು, ಬೆವರು ನಿಂತಿತು, ಮಳೆಗಾಲದ ಹೊತ್ತಿಗೆ ಕೆನ್ನೆ ತುಂಬಿತು. ಸೌಟಕ್ಕನಿಗೆ ವಿದ್ಯಾರ್ಥಿಗಳ ಹಾಸ್ಟೆಲ್ಲಿನಲ್ಲಿ ಅಡುಗೆ ಕೆಲಸ ಸಿಕ್ಕಿತು. ತಮ್ಮನಿಗೆ ಎಲ್ಲೂ ಸಿಗಲಿಲ್ಲ. ಅಂಗೈಯ ಬಣ್ಣ ಮಾಸಿದರೂ, ಕಂಪನಿಯ ಮೇಲೆ ಸಾಕ್ಷಿ ಹೇಳಿದವಳ ತಮ್ಮ ಎನ್ನುವುದು ಮಾಸಲಿಲ್ಲ. ಇವಳು ಬಡಿಸುತ್ತಿದ್ದಳು, ಅವನು ತಲೆ ತಗ್ಗಿಸಿ ತಿನ್ನುತ್ತಿದ್ದ. ಮೊದಲು ಇನ್ನಷ್ಟು ತಿನ್ನಲಿ ಎಂದು ಬೇಡುತ್ತಿದ್ದವಳಿಗೆ ಈಗ ಅವನು ಇನ್ನೊಂದಿಷ್ಟು ಹಾಕು ಎಂದರೆ ಸೌಟು ಪಾತ್ರೆಯಲ್ಲೇ ನಿಲ್ಲುತ್ತಿತ್ತು. ಊಟದ ನಡುವೆ ಎದ್ದು ಅವನ ಹಣೆ ಮುಟ್ಟಿಬಿಡುತ್ತಿದ್ದಳು. ಒಂದು ದಿನ ಅವನು ತಟ್ಟೆ ತಳ್ಳಿದ.

“ನಿನ್ ಕಣ್ಮುಂದೆ ತಿನ್ನೋಕಾಗಲ್ಲ ಅಕ್ಕ. ನೀನು ಊಟ ಹಾಕ್ತಿಲ್ಲ, ತುತ್ತು ಲೆಕ್ಕ ಹಾಕ್ತಿದೀಯ.”

ಊರಿನ ಆ ಕಡೆ ಗೋದಾಮಿನಲ್ಲಿ ಮೂಟೆ ಹೊರುವ ಕೆಲಸ ಸಿಕ್ಕಿದೆ, ಅಲ್ಲೇ ಕೆಲವರ ಜೊತೆ ಕೋಣೆ ಹಿಡಿದಿದ್ದೇನೆ ಎಂದು ಬಟ್ಟೆ ಕಟ್ಟಿಕೊಂಡು ಹೋದ. ಹೋಗಲಿ, ಉಸಿರಾಡಿಕೊಂಡು ಇರಲಿ ಎಂದು ಸೌಟಕ್ಕ ತಡೆಯಲಿಲ್ಲ.

ಚಳಿ ಬಿದ್ದಿತ್ತು. ವಾರದ ರಜೆಯ ದಿನ ಅವಳು ಕೋಣೆ ಹುಡುಕಿಕೊಂಡು ಹೋದಳು. ಕಿರಿದಾದ ಓಣಿ, ಸಾಲು ಬಾಗಿಲು. ಗುಂಡ ಇರಲಿಲ್ಲ. ಜೊತೆಗಾರನೊಬ್ಬ ಸ್ವೆಟರು ಹಾಕಿಕೊಂಡು ಹೊಸ್ತಿಲಲ್ಲಿ ಕೂತು ಗಡ್ಡ ಹೆರೆಯುತ್ತಿದ್ದ. ಅವನದು ಬಸ್ ಡಿಪೋದಲ್ಲಿ ಕೆಲಸ. ಗುಂಡ ಎಲ್ಲಿ ದುಡಿಯುತ್ತಾನೆಂದು ತನಗೆ ಸರಿಯಾಗಿ ಗೊತ್ತಿಲ್ಲ, ಬೆಳಿಗ್ಗೆ ಗುತ್ತಿಗೆದಾರನ ಲಾರಿ ಬಂದು ಕರೆದುಕೊಂಡು ಹೋಗುತ್ತದೆ ಎಂದ. ಒಳಗೆ ಬನ್ನಿ ಎಂದು ಕರೆದ. ಸೌಟಕ್ಕ ನಿಂತಲ್ಲೇ ಕೇಳಿದಳು.

“ಊಟ ಗೀಟ ಸರಿಯಾಗಿ ಮಾಡ್ತಾನಾ?”

ಜೊತೆಗಾರ ಅರ್ಧ ಸೋಪು ಹಚ್ಚಿದ ಮುಖದಲ್ಲಿ ಮನಸಾರೆ ನಕ್ಕ. “ಅವನ ಚಿಂತೆ ಬಿಡಿ ಅಕ್ಕ. ನಮ್ಮೆಲ್ಲರ ಪಾಲೂ ಅವನೇ ತಿಂದು ಮುಗಿಸ್ತಾನೆ.”

ಸೌಟಕ್ಕ ಹೊಸ್ತಿಲ ಪಕ್ಕದ ಕಲ್ಲಿನ ಮೇಲೆ ಕೂತಳು. ಜೊತೆಗಾರ ಟೀ ತಂದಿಟ್ಟ, ಅದು ಆರಿ ಕೆನೆಗಟ್ಟಿತು. ಬಿಸಿಲು ಇಳಿಯುವ ಹೊತ್ತಿಗೆ ಲಾರಿ ನಿಂತ ಸದ್ದಾಯಿತು. ಓಣಿಯ ತುದಿಯಲ್ಲಿ ಕಾಣಿಸಿಕೊಂಡ ಗುಂಡ ಅಂಗಿಯನ್ನು ಹೆಗಲಿಗೆ ಹಾಕಿಕೊಂಡಿದ್ದ. ಅಕ್ಕನನ್ನು ಕಂಡು ನಿಂತ. ಅವಳು ಏಳುವಷ್ಟರಲ್ಲಿ ತಿರುಗಿ ನಡೆದುಬಿಟ್ಟ. ಬನಿಯನ್ ಒದ್ದೆಯಾಗಿ ಅವನ ಬೆನ್ನಿನ ಮೂಳೆಗಳಿಗೆ ಅಂಟಿಕೊಂಡಿತ್ತು.